ಸೂಜಿದಾನ

ದಾನಗಳಲ್ಲಿ ಅನ್ನದಾನ, ವಿದ್ಯಾದಾನ, ಗೋದಾನಗಳ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಈಚೆಗೆ ರಕ್ತದಾನ, ನೇತ್ರದಾನಗಳೂ ಆ ಪಂಕ್ತಿಯಲ್ಲಿ ಬಂದು ಕುಳಿತಿವೆ. ಸೂಜಿದಾನವೆಂಬ ಮಾತನ್ನು ಮಾತ್ರ ಯಾವ ಪುರಾಣಿಕರ ಬಾಯಿಂದಲೂ ನಾನು ಕೇಳಿಲ್ಲ. ಮಾದಕ ಮದ್ದನ್ನು ನರಕ್ಕೆ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದವನನ್ನು ಹುಡುಕಿಕೊಂಡು ಹೋಗಿ, ಅವನ ಕೈಗೆ ಹೊಸ ಸೂಜಿಯನ್ನೂ ಸಿರಿಂಜನ್ನೂ ಕೊಟ್ಟು ಬರುವವರು ನಮ್ಮ ದೇಶದಲ್ಲೇ ಇದ್ದಾರೆ. ಆ ಕೆಲಸಕ್ಕೆ ಸರಕಾರದ ಹಣವೂ ವೆಚ್ಚವಾಗುತ್ತದೆ. ಇದನ್ನು ಮೊದಲ ಸಲ ಕೇಳಿದವರು ಹುಬ್ಬೇರಿಸುವುದು ಸಹಜ.

ಮನೆಯಲ್ಲಿ ಈ ವಿಷಯ ಎತ್ತಿದಾಗ ನಮ್ಮ ಅಜ್ಜಿ, “ಕಳ್ಳನಿಗೆ ಏಣಿ ಹಿಡಿದ ಹಾಗಾಯಿತಲ್ಲೋ, ಮಗು!” ಎಂದರು. ಲೋಕದ ಮಾತೆಲ್ಲ ಆ ಒಂದು ವಾಕ್ಯದಲ್ಲಿ ಇದೆ. ಆದರೆ ಹೀಗೆ ಹೇಳುವಾಗ ಅವರ ಎಲೆಯಡಿಕೆಯ ಚೀಲ ಮಡಿಲಲ್ಲೇ ಇತ್ತು. ಅದರೊಳಗೆ ಹೊಗೆಸೊಪ್ಪೂ ಇತ್ತು. ಬಾಯಿ ಹುಣ್ಣಾದಾಗ ಡಾಕ್ಟರು ಅವರಿಗೆ, “ಹೊಗೆಸೊಪ್ಪು ಬಿಟ್ಟು ಬನ್ನಿ, ಆಮೇಲೆ ಮದ್ದು ಕೊಡುತ್ತೇನೆ” ಎನ್ನಲಿಲ್ಲ. ಮೊದಲು ಹುಣ್ಣಿಗೆ ಮದ್ದು ಕೊಟ್ಟರು, ಆಮೇಲೆ ಬಿಡುವ ಮಾತು ತೆಗೆದರು. ಅಜ್ಜಿ ಇನ್ನೂ ಬಿಟ್ಟಿಲ್ಲ. ಡಾಕ್ಟರೂ ಅವರನ್ನು ಬಿಟ್ಟಿಲ್ಲ.

ಈ ಸೂಜಿಯ ಏರ್ಪಾಡು ಹಾಲೆಂಡಿನ ಆಮ್‌ಸ್ಟರ್‌ಡಾಂ ನಗರದಲ್ಲಿ 1984ರಲ್ಲಿ ಮೊದಲಾಯಿತು. ಅದಕ್ಕಾಗಿ ಮುಂದೆ ಬಂದವರು ಮಂತ್ರಿಗಳಲ್ಲ, ಧರ್ಮಾತ್ಮರೂ ಅಲ್ಲ. ಆ ಚಟದಲ್ಲಿದ್ದವರೇ ಕಟ್ಟಿಕೊಂಡಿದ್ದ ಒಂದು ಸಂಘದವರು. ಒಬ್ಬ ಬಳಸಿದ ಸೂಜಿಯನ್ನು ಇನ್ನೊಬ್ಬ ಬಳಸುವುದರಿಂದ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ಅವರಲ್ಲಿ ಹರಡುತ್ತಿತ್ತು. ಹಳೆಯ ಸೂಜಿಯನ್ನು ತಂದು ಒಪ್ಪಿಸಿ ಹೊಸದನ್ನು ಪಡೆಯುವುದೆಂದು ಗೊತ್ತಾಯಿತು. ಆದ್ದರಿಂದ ಇದನ್ನು ದಾನವೆನ್ನುವುದಕ್ಕಿಂತ ವಿನಿಮಯವೆನ್ನುವುದೇ ಸರಿ. ಹೊಸ ಸೂಜಿ ಅವನನ್ನು ಕಾಪಾಡುತ್ತದೆ. ಅವನು ತಂದೊಪ್ಪಿಸಿದ ಹಳೆಯ ಸೂಜಿ, ಚರಂಡಿಯ ಪಕ್ಕದಲ್ಲಿ ಬರಿಗಾಲಲ್ಲಿ ಆಡುವ ಮಗುವಿನ ಪಾದವನ್ನು ಕಾಪಾಡುತ್ತದೆ. ಇಲ್ಲಿ ಕೊಟ್ಟವರು ಯಾರು, ಪಡೆದವರು ಯಾರು?

ಇದು ದೂರದೇಶದ ಮಾತೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. ಮಯನ್ಮಾರಿನ ಗಡಿಗೆ ಹೊಂದಿಕೊಂಡಿರುವ ನಮ್ಮ ಮಣಿಪುರ ರಾಜ್ಯಕ್ಕೆ ಗಡಿಯಾಚೆಯಿಂದ ಹೆರಾಯಿನ್ ಬಂದು ಎಷ್ಟೋ ತರುಣರು ಅದನ್ನು ಚುಚ್ಚಿಕೊಳ್ಳಲು ಕಲಿತರು. ಸೂಜಿ ಜೇಬಿನಲ್ಲಿ ಸಿಕ್ಕಿದರೆ ಪೋಲೀಸರ ಭಯ. ಆದಕಾರಣ ಒಂದೇ ಸೂಜಿ ಹಲವರ ಕೈಯಲ್ಲಿ ತಿರುಗುತ್ತಿತ್ತು. 1989ರ ಸೆಪ್ಟೆಂಬರಿನವರೆಗೆ ಅಲ್ಲಿ ಪರೀಕ್ಷಿಸಿದ ಇಂಥವರ ರಕ್ತದಲ್ಲಿ ಎಚ್‌ಐವಿ ಕಂಡಿರಲಿಲ್ಲ. ಅದಾದ ಆರೇ ತಿಂಗಳಲ್ಲಿ ಪರೀಕ್ಷೆಗೆ ಬಂದವರಲ್ಲಿ ಅರ್ಧದಷ್ಟು ಜನರಲ್ಲಿ ಅದು ಕಂಡಿತು. ಅವರಿಂದ ಅವರ ಮಡದಿಯರಿಗೂ, ಹುಟ್ಟಿದ ಕೂಸುಗಳಿಗೂ ಅದು ದಾಟಿತು. ಆ ಹೆಂಗಸರೂ ಕೂಸುಗಳೂ ಯಾವ ಮದ್ದನ್ನು ಚುಚ್ಚಿಕೊಂಡಿದ್ದರು? ಬೆಂಕಿ ಹೀಗೆ ಹಬ್ಬಿದ ಮೇಲೆ, 1996ರಲ್ಲಿ ಮಣಿಪುರ ಸರಕಾರವು ಹಾನಿ ತಗ್ಗಿಸುವ ಮಾರ್ಗವನ್ನು ತನ್ನ ಏಡ್ಸ್ ನೀತಿಯಲ್ಲಿ ಸೇರಿಸಿಕೊಂಡಿತು.

ಆ ಮಾರ್ಗದಲ್ಲಿ ಸೂಜಿಯೊಂದೇ ಇಲ್ಲ. ಒಂದು ಕಾಲದಲ್ಲಿ ತಾವೇ ಆ ಚಟದಲ್ಲಿದ್ದವರು ಕಾರ್ಯಕರ್ತರಾಗಿ ಗಲ್ಲಿಗಳಿಗೂ ಪಾಳುಮನೆಗಳಿಗೂ ಹೋಗುತ್ತಾರೆ. ಚುಚ್ಚಿದ ಜಾಗದಲ್ಲಿ ಕೀವುಗಟ್ಟಿದ್ದರೆ ತೊಳೆದು ಕಟ್ಟುತ್ತಾರೆ, ರಕ್ತಪರೀಕ್ಷೆಗೆ ಕರೆದೊಯ್ಯುತ್ತಾರೆ. ಒಪ್ಪಿದವನಿಗೆ ಬ್ಯೂಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ದಿನವೂ ನರ್ಸಿನ ಎದುರಿನಲ್ಲೇ ನಾಲಗೆಯ ಕೆಳಗೆ ಇಟ್ಟು ಕರಗಿಸುತ್ತಾರೆ. ಅದರಿಂದ ಮೈನಡುಕವೂ ಮದ್ದಿನ ಹಂಬಲವೂ ಅಡಗಿ, ಅವನು ಸೂಜಿಯ ಗೊಡವೆಯಿಲ್ಲದೆ ಕೂಲಿಗೊ ಅಂಗಡಿಗೊ ಹೋಗಬಲ್ಲನು. ಮದ್ದು ಮಿತಿಮೀರಿ ಉಸಿರು ನಿಲ್ಲುವಂತಾದರೆ ನಲಾಕ್ಸೋನ್ ಎಂಬ ಔಷಧ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು.

ಹೀಗೆ ಮಾಡಿದರೆ ಚಟ ಹೆಚ್ಚುವುದಿಲ್ಲವೆ? ಈ ಸಂಶಯ ನ್ಯಾಯವಾದದ್ದೇ. ಲೋಕದ ನಾನಾ ಕಡೆಯ ಅನುಭವವನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಸೂಜಿ ಕೊಟ್ಟ ಕಡೆ ಎಚ್‌ಐವಿ ತಗ್ಗಿತೆಂದೂ ಚಟ ಹೆಚ್ಚಿತೆನ್ನಲು ಆಧಾರವಿಲ್ಲವೆಂದೂ ಅದರಲ್ಲಿ ಹೇಳಿದೆ. ನಮ್ಮ ಶಾಸನವೂ ಇದನ್ನು ಒಪ್ಪಿದೆ. 1985ರ ಮಾದಕವಸ್ತು ಕಾಯಿದೆ ಕಠಿಣವಾದದ್ದೇ ನಿಜ. ಆದರೆ 2017ರ ಎಚ್‌ಐವಿ ಕಾಯಿದೆಯು, ಸೂಜಿ ಬದಲಾಯಿಸಿ ಕೊಡುವುದೂ ಬದಲಿ ಮದ್ದು ಕೊಡುವುದೂ ಅಪರಾಧವಲ್ಲವೆಂದು ಉದಾಹರಣೆ ಸಹಿತ ಹೇಳುತ್ತದೆ.

ಈ ವಿಷಯವನ್ನು ನಾನು ಏಕೆ ಹಿಡಿದುಕೊಂಡೆನೆಂದು ನೀವು ಕೇಳಬಹುದು. ಹೈಸ್ಕೂಲಿನಲ್ಲಿ ನನ್ನ ಜತೆ ಒಂದೇ ಬೆಂಚಿನಲ್ಲಿ ಕುಳಿತು, ಲೆಕ್ಕದಲ್ಲಿ ನನಗಿಂತ ಮುಂದಿದ್ದ ಗೆಳೆಯನೊಬ್ಬ ಕೆಲಸಕ್ಕೆಂದು ನಗರಕ್ಕೆ ಹೋದ. ಮೂರು ವರ್ಷಗಳ ಮೇಲೆ ಊರಿಗೆ ಬಂದಾಗ ಅವನ ತೋಳಿನಲ್ಲಿ ಕಲೆಗಳಿದ್ದವು, ರಕ್ತದಲ್ಲಿ ಹೆಪಟೈಟಿಸ್ ಸಿ ಇತ್ತು. ಔಷಧದಂಗಡಿಯವರು ಅವನ ಮುಖ ನೋಡಿ ಸಿರಿಂಜು ಕೊಡುತ್ತಿರಲಿಲ್ಲವಂತೆ. ಮೂವರು ಗೆಳೆಯರು ಒಂದರಲ್ಲೇ ಸುಧಾರಿಸಿಕೊಳ್ಳುತ್ತಿದ್ದರಂತೆ. ಈಗ ಮನೆಯಲ್ಲಿ ಅವನ ತಟ್ಟೆ ಲೋಟಗಳು ಬೇರೆ. ಒಟ್ಟಿಗೆ ಉಂಡರೆ ಈ ರೋಗ ಅಂಟದೆಂದು ನಾನು ಎಷ್ಟು ಹೇಳಿದರೂ ಅವನ ತಾಯಿ ನಂಬಲೊಲ್ಲರು.

2018ರಲ್ಲಿ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮದಿಂದಾಗಿ ಈ ರೋಗಕ್ಕೆ ಸರಕಾರಿ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ಗುಣವಾಗುತ್ತದೆ. ಅವನಿಗೂ ಗುಣವಾಯಿತು. ಆದರೆ ಒಮ್ಮೆ ಗುಣವಾದವನಿಗೆ ಮತ್ತೆ ಬರಬಾರದೆಂದಿಲ್ಲ. ಅವನು ಚಟವನ್ನು ಪೂರ್ತಿ ಬಿಟ್ಟಿಲ್ಲ. ಎರಡು ತಿಂಗಳು ಬಿಡುತ್ತಾನೆ, ಮತ್ತೆ ಜಾರುತ್ತಾನೆ. ಜಾರಿದ ದಿನ ಅವನ ಕೈಯಲ್ಲಿರುವುದು ಯಾರ ಸೂಜಿ? ಇದಕ್ಕೆ ಉತ್ತರವಿಲ್ಲದೆ ಬರಿಯ ಮಾತ್ರೆ ಕೊಟ್ಟರೆ ತೂತು ಕೊಡದಲ್ಲಿ ನೀರು ಸೇದಿದಂತೆಯೇ ಸರಿ. ಮಣಿಪುರದ ಕಾರ್ಯಕರ್ತರಂಥವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಮೊನ್ನೆ ಕೆರೆಯ ಏರಿಯ ಮೇಲೆ ಅವನು ನನ್ನನ್ನು, “ಬೈಯದೆ ಮಾತಾಡೋರು ಎಲ್ಲಾದರೂ ಇದ್ದಾರೇನೋ?” ಎಂದು ಕೇಳಿದ. ಚಟ ಬಿಡಿಸುವವರು ಇದ್ದಾರೆಯೆ ಎಂದು ಅವನು ಕೇಳಲಿಲ್ಲವೆಂಬುದನ್ನು ಗಮನಿಸಬೇಕು.

ಅಂಥವರು ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಟೆಲಿಮಾನಸ್ಸಿನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಅವನಿಗೆ ಬರೆದು ಕೊಟ್ಟಿದ್ದೇನೆ. ಆದರೆ ಮಣಿಪುರದ ಗಲ್ಲಿಯಲ್ಲಿ ನಡೆಯುವ ಕೆಲಸ ದೂರವಾಣಿಯಿಂದ ಆಗತಕ್ಕದ್ದಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮಾದಕ ಮದ್ದು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಮಂದಿ. ಅವರೆಲ್ಲರೂ ಗಡಿರಾಜ್ಯಗಳಲ್ಲೇ ಇದ್ದಾರೆಂದು ತಿಳಿದು ನಾವು ನೆಮ್ಮದಿಯಾಗಿ ಕುಳಿತುಕೊಳ್ಳುವಂತಿಲ್ಲ.

ಚಟ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದನ್ನು ಬಲ್ಲವರು ಆ ಮಾತನ್ನು ಆಡಲಾರರು. ಬಿಡುವ ದಿನ ಒಬ್ಬೊಬ್ಬನಿಗೆ ಒಂದೊಂದು ಸಮಯದಲ್ಲಿ ಬರುತ್ತದೆ, ಆ ದಿನದವರೆಗೆ ಅವನು ಬದುಕಿರಬೇಕು ಎಂಬುದಷ್ಟೇ ನನ್ನ ವಾದ. ಸತ್ತವನು ಯಾವ ಚಟವನ್ನೂ ಬಿಡಲಾರ. ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಸೇವಾಶಿಬಿರಕ್ಕೆ ಹೋಗುತ್ತೇವೆ, ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಮುಂದಿನ ಶಿಬಿರದಲ್ಲಿ ಜಿಲ್ಲಾ ಆಸ್ಪತ್ರೆಯ ಒಬ್ಬ ವೈದ್ಯರನ್ನು ಕರೆಸಿ, ಊರಿನವರ ಎದುರಿನಲ್ಲಿ ಈ ರೋಗ ಯಾವುದರಿಂದ ಹರಡುತ್ತದೆ, ಯಾವುದರಿಂದ ಹರಡುವುದಿಲ್ಲ ಎಂದು ಹೇಳಿಸಿದರೆ ಹೇಗೆ? ಅಧ್ಯಾಪಕರು ಒಪ್ಪಿದರೆ ಅದನ್ನು ನಮ್ಮ ಊರಿನಲ್ಲೇ ನಡೆಸಬಹುದು. ನನ್ನ ಗೆಳೆಯನ ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಹೊಣೆ ನನ್ನದು.