ತ್ರಿಕೋನದ ನಂಬಿಕೆ

ಸೈನ್, ಕೊಸೈನ್, ಟ್ಯಾಂಜೆಂಟ್—ಈ ಮೂವರ ಹೆಸರು ಕೇಳಿದೊಡನೆ ಮುಖ ಬಾಡದ ವಿದ್ಯಾರ್ಥಿ ವಿರಳ. ಪರೀಕ್ಷೆ ಮುಗಿದ ಮರುದಿನವೇ ಅವರನ್ನು ಮರೆತು ನೆಮ್ಮದಿಯ ಉಸಿರುಬಿಟ್ಟವರು ಅಸಂಖ್ಯಾತರು. ಪಾಪ, ಈ ಮೂವರ ಅಪರಾಧವಾದರೂ ಏನು? ತ್ರಿಕೋನದ ಕೋನಕ್ಕೂ ಭುಜಕ್ಕೂ ಇರುವ ನಂಟನ್ನು ತಿಳಿಸುವುದಷ್ಟೇ ಅವರ ಕಾಯಕ.

ಆ ನಂಟು ಬಹು ಸರಳವಾದುದು. ತೆಂಗಿನಮರದ ಬುಡದಿಂದ ಹಿಂದಕ್ಕೆ ಸರಿಯುತ್ತ ಬಂದು, ಅದರ ತುದಿ 45 ಡಿಗ್ರಿಯ ಕೋನದಲ್ಲಿ ಕಾಣುವೆಡೆ ನಿಲ್ಲಬೇಕು. ಬುಡದಿಂದ ಅಲ್ಲಿಗಿರುವ ದೂರಕ್ಕೆ ನೋಡುವವನ ಕಣ್ಣಿನ ಎತ್ತರವನ್ನು ಕೂಡಿಸಿದರೆ ಅದೇ ಮರದ ಎತ್ತರ, ಮರವನ್ನೇರುವ ಶ್ರಮವಿಲ್ಲ. ಇನ್ನು ಯಾವುದೇ ತ್ರಿಕೋನವಿರಲಿ, ಒಂದು ಭುಜವನ್ನು ಅದರ ಎದುರಿನ ಕೋನದ ಸೈನಿನಿಂದ ಭಾಗಿಸಿದಾಗ ಬರುವ ಫಲವೇ ಉಳಿದೆರಡು ಭುಜಗಳಿಗೂ ಬರುತ್ತದೆ. ಆದ್ದರಿಂದ ಒಂದು ಭುಜ, ಎರಡು ಕೋನಗಳು ತಿಳಿದರೆ ಸಾಕು. ಉಳಿದುದೆಲ್ಲವೂ ಕುಳಿತಲ್ಲಿಯೇ ದೊರೆಯುತ್ತದೆ.

ಈ ಸೂತ್ರವನ್ನೇ ನಂಬಿ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿಯು ಭಾರತವನ್ನು ಅಳೆಯಲು ಹೊರಟರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಸುಮಾರು ಏಳೂವರೆ ಮೈಲಿಯ ಮೂಲರೇಖೆಯನ್ನು ಅಳೆಯಲಾಯಿತು. 100 ಅಡಿಯ ಉಕ್ಕಿನ ಸರಪಣಿಯನ್ನು ಸುಮಾರು 400 ಸಲ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕವನ್ನು ನೋಡಿ ನೋಡಿ ಲೆಕ್ಕವನ್ನು ತಿದ್ದಬೇಕಾಯಿತು. ಅಲ್ಲಿಂದ ಮುಂದೆ, ಗುಡ್ಡದಿಂದ ಗುಡ್ಡಕ್ಕೆ ನೋಟವೇ ಸರಪಣಿ. ಒಂದು ತ್ರಿಕೋನದಲ್ಲಿ ದೊರೆತ ಭುಜ ಮತ್ತೊಂದಕ್ಕೆ ಆಧಾರ. ಅದರ ಭುಜ ಮುಂದಿನದಕ್ಕೆ.

ಅಪಾಯವಿರುವುದೂ ಇಲ್ಲಿಯೇ. ಮೊದಲ ರೇಖೆ ತಪ್ಪಾದರೆ ಅದರ ಮೇಲೆ ನಿಂತ ತ್ರಿಕೋನಗಳೆಲ್ಲವೂ ತಪ್ಪು. ಆದುದರಿಂದ ಎರಡು ಕೋನಗಳು ಸಾಕೆಂದು ಗೊತ್ತಿದ್ದರೂ, ಸಾಧ್ಯವಿದ್ದೆಡೆಯಲ್ಲೆಲ್ಲ ಮೂರನೆಯದನ್ನೂ ಅಳೆಯುತ್ತಿದ್ದರು. ಭೂಮಿ ದುಂಡಾಗಿರುವುದರಿಂದ ದೊಡ್ಡ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಗಿಂತ ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಅದನ್ನೂ ಗಣನೆಗೆ ತಂದುಕೊಂಡರು. 1804ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಮತ್ತೊಂದು ರೇಖೆಯನ್ನು ಸರಪಣಿಯಿಂದಲೇ ಅಳೆದು, ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕದೊಡನೆ ಹೋಲಿಸಿದರು. ಏಳು ಮೈಲಿಗೂ ಮೀರಿದ ಆ ರೇಖೆಯಲ್ಲಿ ಕಂಡ ಅಂತರ ಕೆಲವೇ ಅಂಗುಲಗಳು!

ಈ ಕಾರ್ಯ ನಿಷ್ಕಾಮವಾದುದೇನೂ ಅಲ್ಲ. ಆಳಲು ಬಂದವರಿಗೆ ನಾಡಿನ ನಕ್ಷೆ ಬೇಕಾಗಿತ್ತು. ಅರ್ಧ ಟನ್ ತೂಕದ ಕೋನಮಾಪಕವನ್ನು ಹೊತ್ತವರು, ಕಾಡುಜ್ವರಕ್ಕೆ ಬಲಿಯಾದವರು ಎಷ್ಟೋ ಮಂದಿ. ಅವರ ಹೆಸರುಗಳು ಯಾವ ನಕ್ಷೆಯಲ್ಲಿಯೂ ಇಲ್ಲ. 1823ರಲ್ಲಿ ಲ್ಯಾಂಬ್ಟನ್ನರೂ ಕೆಲಸದ ನಡುವೆಯೇ ಹಿಂಗಣಘಾಟಿನಲ್ಲಿ ತೀರಿಕೊಂಡರು. ಆದರೆ ತ್ರಿಕೋನಗಳ ಸಾಲು ನಿಲ್ಲಲಿಲ್ಲ. ಹಿಮಾಲಯದ ಅಡಿಯನ್ನು ಮುಟ್ಟಿತು. ಪರದೇಶಿಯರಿಗೆ ನೇಪಾಳದೊಳಗೆ ಪ್ರವೇಶವಿರಲಿಲ್ಲ. ನೂರು ಮೈಲಿಗೂ ಆಚೆಯ ಬಯಲಿನಿಂದ ನೋಡಿದ ಕೋನಗಳನ್ನು ರಾಧಾನಾಥ ಸಿಕ್ದಾರರೇ ಮೊದಲಾದ ಗಣಕರು ಲೆಕ್ಕಹಾಕಿದರು. ಮುಂದೆ ಎವರೆಸ್ಟ್ ಎಂಬ ಹೆಸರು ಪಡೆದ ಆ ಶಿಖರದ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. 2020ರಲ್ಲಿ ಸಾರಲಾದ ಎತ್ತರ 8,848.86 ಮೀಟರ್, ಎಂದರೆ ಸುಮಾರು 29,032 ಅಡಿ. ಯಾರೂ ಏರದಿದ್ದ ಶಿಖರದ ಲೆಕ್ಕದಲ್ಲಿ ವ್ಯತ್ಯಾಸ ಬರಿಯ 30 ಅಡಿ!

ಕಾಣದುದನ್ನು ನಂಬುವುದು ಮನುಷ್ಯನಿಗೆ ಹೊಸದಲ್ಲ. ಆದರೆ ತ್ರಿಕೋನ ಕಲಿಸುವ ನಂಬಿಕೆಯ ಬಗೆಯೇ ಬೇರೆ. ಅದು ಮೊದಲ ಹೆಜ್ಜೆಯನ್ನು ಬೆವರು ಸುರಿಸಿ ಅಳೆಯುತ್ತದೆ. ಅನಂತರ ದೂರವನ್ನು ನಂಬುತ್ತದೆ. ನಂಬಿದ ಮೇಲೂ ಮೂರನೆಯ ಕೋನವನ್ನು ಅಳೆದು ನೋಡುತ್ತದೆ. ಪರೀಕ್ಷೆಗೆ ಅಳುಕದ ನಂಬಿಕೆಯೇ ಬಹುದೂರ ಸಾಗಬಲ್ಲುದು.