ಈ ಪ್ರೋಬ್ ಯಾವ ಮಾನಿಟರಿನದು?

ಐಸಿಯುನಲ್ಲಿ ರೋಗಿಯ ತಲೆಯ ಪಕ್ಕ ನಿಂತಿರುವ ಮಾನಿಟರ್ ಹತ್ತು ವರ್ಷ ದುಡಿಯುವುದುಂಟು. ಬೆರಳಿಗೆ ಕಚ್ಚಿಕೊಳ್ಳುವ ಸ್ಯಾಚುರೇಷನ್ ಪ್ರೋಬ್‌ಗೆ ಅಷ್ಟು ಆಯುಸ್ಸಿಲ್ಲ. ಮಂಚದ ಚಕ್ರ ಅದರ ವೈರಿನ ಮೇಲೆ ಹರಿಯುತ್ತದೆ, ಜ್ವರದ ಮಂಪರಿನಲ್ಲಿ ರೋಗಿ ಕಿತ್ತೆಸೆಯುತ್ತಾನೆ, ಸ್ಪಿರಿಟ್ ಹಾಕಿ ಒರೆಸಿ ಒರೆಸಿ ರಬ್ಬರ್ ಬಿರಿಯುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಯಾರೋ ಬಿಗಿಯಾಗಿ ಸುತ್ತಿ ಸ್ಟ್ಯಾಂಡಿಗೆ ನೇತುಹಾಕುತ್ತಾರೆ. ವೈರು ಕ್ಲಿಪ್ಪಿನೊಳಗೆ ಹೋಗುವ ಕತ್ತಿನ ಹತ್ತಿರ ಎಳೆ ತುಂಡಾಗುತ್ತದೆ. ಹೊರಗೆ ಏನೂ ಕಾಣದು. ಬಗ್ಗಿಸಿ ಹಿಡಿದರೆ ಅಂಕಿ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿರುವ ನನ್ನಂಥವರಿಗೆ ಬೆಳಗಿನ ಫೋನು ಬಹುಪಾಲು ಇದೇ: “ಸರ್, ಮೂಲೆ ಬೆಡ್ಡಿಗೆ ಸ್ಯಾಚುರೇಷನ್ ಬರ್ತಿಲ್ಲ. ಬೇರೆ ಪ್ರೋಬ್ ಇದೆ, ಇದಕ್ಕೆ ಕೂರ್ತಿಲ್ಲ.”

ಡ್ರಾಯರ್ ಎಳೆದು ನೋಡಿದರೆ ಪ್ರೋಬ್‌ಗಳಿಗೆ ಬರವಿಲ್ಲ. ಒಂದರ ತುದಿ ಒಂಬತ್ತು ಪಿನ್ನಿನದು, ಇನ್ನೊಂದರದು ದುಂಡಗೆ, ಮತ್ತೊಂದರದು ಚಪ್ಪಟೆ. ಸಿಸ್ಟರುಗಳು ಒಂದೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿ ಬೆಡ್ ನಂಬರ್ ಬರೆದಿಟ್ಟಿರುತ್ತಾರೆ. ಎಲ್ಲದರ ಹೊಟ್ಟೆಯಲ್ಲೂ ಇರುವುದು ಅದೇ ಸಾಮಾನು: ಸುಮಾರು 660 ನ್ಯಾನೋಮೀಟರ್‌ನ ಕೆಂಪು ಎಲ್‌ಇಡಿ, 900-940ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ದವಡೆಯಲ್ಲಿ ಬೆಳಕು ಹಿಡಿಯುವ ಫೋಟೋಡಯೋಡ್. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ದಾಟಿಹೋಗಲು ಬಿಡುತ್ತದೆ, ಆಮ್ಲಜನಕ ಇಳಿಸಿ ಬಂದ ರಕ್ತ ಅದನ್ನು ಹೆಚ್ಚು ಹೀರುತ್ತದೆ.

ಈ ವ್ಯತ್ಯಾಸವನ್ನು ನಾಡಿಯ ಮಿಡಿತದ ಜೊತೆ ಸೇರಿಸಿ ಆಮ್ಲಜನಕ ಅಳೆಯುವ ಉಪಾಯ ಕಂಡುಕೊಂಡವರು ತಕುವೊ ಅಓಯಾಗಿ, ಜಪಾನಿನ ನಿಹೊನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್. ಅವರು ಹೊರಟಿದ್ದು ಬೇರೆಯೇ ಕೆಲಸಕ್ಕೆ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆಂದು ಅಳೆಯುತ್ತಿದ್ದರು. ನಾಡಿ ಬಡಿದಾಗಲೆಲ್ಲ ಗೆರೆ ಅಲುಗಿ ಅಳತೆ ಕೆಡುತ್ತಿತ್ತು. ಆ ಅಲುಗಾಟ ಅಪಧಮನಿಯ ರಕ್ತದ್ದು, ಅದನ್ನೇ ಅಳೆದರೆ ಆಮ್ಲಜನಕದ ಲೆಕ್ಕ ಸಿಗುತ್ತದೆ ಎಂದು ಅವರಿಗೆ ಹೊಳೆಯಿತು, 1974ರಲ್ಲಿ ಪ್ರಕಟಿಸಿದರು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಅಷ್ಟು ದೊಡ್ಡ ಉಪಕಾರ ಮಾಡಿದವರ ಹೆಸರು ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಒಮ್ಮೆಯಾದರೂ ಕೇಳಬೇಕು ಎಂಬುದು ನನ್ನ ಆಸೆ.

ಸಾಮಾನು ಒಂದೇ ಆದರೆ ಒಂದರದು ಇನ್ನೊಂದಕ್ಕೆ ಯಾಕೆ ಆಗುವುದಿಲ್ಲ? ವೈರಿಂಗ್‌ನಲ್ಲೇ ಭೇದವಿದೆ. ಕೆಲವರು ಎರಡು ಎಲ್‌ಇಡಿಗಳನ್ನು ತಿರುವುಮುರುವಾಗಿ ಜೋಡಿಸಿ ಎರಡೇ ವೈರಿನಲ್ಲಿ ಮುಗಿಸುತ್ತಾರೆ, ಕೆಲವರು ಮೂರು ವೈರು ಎಳೆಯುತ್ತಾರೆ. ಇದಕ್ಕಿಂತ ಸೂಕ್ಷ್ಮವಾದದ್ದು ಅಂಕಿಯ ವಿಷಯ. ಮಾನಿಟರಿಗೆ ಸಿಗುವುದು ಎರಡು ಬೆಳಕಿನ ಏರಿಳಿತದ ಅನುಪಾತ ಮಾತ್ರ. ಅದನ್ನು ಶೇಕಡಾವಾರಿಗೆ ತಿರುಗಿಸಲು ಕಂಪನಿಯವರು ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಸ್ಯಾಚುರೇಷನ್ 70ರ ತನಕ ಇಳಿಸಿ, ಹಂತಹಂತಕ್ಕೂ ಅಪಧಮನಿಯ ರಕ್ತ ತೆಗೆದು ತಾಳೆ ನೋಡಿ ಕೋಷ್ಟಕ ಕಟ್ಟುತ್ತಾರೆ. ಕಟ್ಟಿದ್ದು ಆ ಎಲ್‌ಇಡಿಯ ಬಣ್ಣಕ್ಕೆ. ಕೆಂಪು ಕೆಲವೇ ನ್ಯಾನೋಮೀಟರ್ ಸರಿದರೂ ತೆರೆಯ ಮೇಲಿನ ಅಂಕಿ ಸರಿಯುತ್ತದೆ.

ಎಲ್‌ಇಡಿಗಳೋ, ಒಂದೇ ಕಾರ್ಖಾನೆಯಲ್ಲಿ ಹುಟ್ಟಿದರೂ ಬಣ್ಣದಲ್ಲಿ ಚೂರು ಹೆಚ್ಚುಕಡಿಮೆ. ಇದಕ್ಕೆ ಅಮೆರಿಕದ ನೆಲ್‌ಕಾರ್ ಕಂಪನಿ ಸೊಗಸಾದ ದಾರಿ ಹುಡುಕಿತು: ಪ್ರೋಬಿನ ಪ್ಲಗ್ಗಿನಲ್ಲಿ ಒಂದು ಪುಟ್ಟ ರೆಸಿಸ್ಟರ್. ಅದರ ಓಮ್ ಬೆಲೆ ನೋಡಿ ಮಾನಿಟರ್ ‘ಈ ಎಲ್‌ಇಡಿ ಇಂಥ ತರಂಗಾಂತರದ್ದು’ ಎಂದು ತಿಳಿದು ತಕ್ಕ ಕೋಷ್ಟಕ ತೆಗೆಯುತ್ತದೆ. ಈ ಉಪಾಯಕ್ಕೆ ಕಂಪನಿ ಪಡೆದಿದ್ದ ಪೇಟೆಂಟ್ 2003ರ ನವೆಂಬರಿನಲ್ಲಿ ಮುಗಿಯಿತು, ಬೇರೆಯವರು ಕಡಿಮೆ ಬೆಲೆಗೆ ಪ್ರೋಬ್ ಮಾಡತೊಡಗಿದರು. ಅದಕ್ಕೆ ಮುಂಚೆಯೇ ಕಂಪನಿ ಹೊಸ ಪದ್ಧತಿಯನ್ನು ಮಾರುಕಟ್ಟೆಗೆ ತಂದಾಗಿತ್ತು: ಪ್ರೋಬಿನೊಳಗೆ ಮೆಮರಿ ಚಿಪ್. ಹೊಸ ಮಾನಿಟರಿಗೆ ಹಳೆಯ ಮಾದರಿಯ ಅಗ್ಗದ ಪ್ರೋಬ್ ಹಾಕುವಂತಿಲ್ಲ. ಆಸ್ಪತ್ರೆಗಳ ಪರವಾಗಿ ಮೊಕದ್ದಮೆ ನಡೆಯಿತು. 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು: ಇದು ನಿಜವಾದ ಸುಧಾರಣೆ, ಹಳೆಯ ಮಾನಿಟರ್ ಇಟ್ಟುಕೊಂಡವರಿಗೆ ಅಗ್ಗದ ಪ್ರೋಬ್ ಕೊಳ್ಳುವ ದಾರಿ ಮುಚ್ಚಿಲ್ಲ ಎಂದು. ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೂ ನೂರು ಹಾಸಿಗೆಯ ಆಸ್ಪತ್ರೆಯ ಸ್ಟೋರಿನಲ್ಲಿ ನಿಂತು ನೋಡಿದರೆ, ಸುಧಾರಣೆಯ ಜೊತೆಗೇ ಬಾಗಿಲಿಗೊಂದು ಬೀಗವೂ ಬಿತ್ತು ಎಂದೇ ಹೇಳುತ್ತೇನೆ.

ಇದು ಹೀಗೇ ಆಗಬೇಕಾಗಿರಲಿಲ್ಲ. ಅದೇ ಮಾನಿಟರಿನ ಪಕ್ಕದ ಸಾಕೆಟ್ ನೋಡಿ. ಅಪಧಮನಿಗೆ ನಳಿಗೆ ಹಾಕಿ ನೇರವಾಗಿ ಬಿಪಿ ನೋಡುವ ಟ್ರಾನ್ಸ್‌ಡ್ಯೂಸರ್ ಯಾವ ದೇಶದಲ್ಲಿ ತಯಾರಾದರೂ ಅದರ ಲೆಕ್ಕ ಒಂದೇ: ಕೊಟ್ಟ ಪ್ರತಿ ವೋಲ್ಟಿಗೆ, ಒತ್ತಡದ ಪ್ರತಿ ಮಿಲಿಮೀಟರ್ ಪಾದರಸಕ್ಕೆ 5 ಮೈಕ್ರೋವೋಲ್ಟ್. 5 ವೋಲ್ಟ್ ಕೊಟ್ಟು, ಒತ್ತಡ 100 ಇದ್ದರೆ ಎರಡೂವರೆ ಮಿಲಿವೋಲ್ಟ್ ಬರಬೇಕು, ಬರುತ್ತದೆ. ಪ್ಲಗ್ಗಿನ ಆಕಾರ ಬೇರೆ ಇದ್ದರೆ ನಡುವೆ ಒಂದು ಕೇಬಲ್ ಹಾಕಿದರೆ ಮುಗಿಯಿತು. ಗೋಡೆ ಗಡಿಯಾರಕ್ಕೆ ಯಾವ ಕಂಪನಿಯ ಪೆನ್ಸಿಲ್ ಸೆಲ್ ಹಾಕಿದರೂ ಓಡುವ ಹಾಗೆ. ಜ್ವರ ನೋಡುವ ಪ್ರೋಬ್‌ನ ಕಥೆಯೂ ಅದೇ. ಒಹಾಯೊದ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಕಂಪನಿಯೊಂದು ಮಾಡಿದ ‘400 ಸರಣಿ’ ಥರ್ಮಿಸ್ಟರ್ 25 ಡಿಗ್ರಿಯಲ್ಲಿ 2252 ಓಮ್ ತೋರಿಸುತ್ತದೆ. ಉಳಿದವರೂ ಅದನ್ನೇ ಅನುಸರಿಸಿದರು, ಅದೇ ರೂಢಿಯಾಯಿತು. ಎರಡು ಸಾಕೆಟ್ಟಿಗೆ ಒಪ್ಪಂದ ಸಾಧ್ಯವಾದರೆ ಮೂರನೆಯದಕ್ಕೂ ಸಾಧ್ಯ. ಬೆಳಕಿನ ಲೆಕ್ಕ ಕಷ್ಟದ್ದು, ನಿಜ. ಆದರೆ ತರಂಗಾಂತರವನ್ನೂ ಅದನ್ನು ಹೇಳುವ ಸಂಕೇತವನ್ನೂ ಎಲ್ಲರಿಗೂ ತೆರೆದಿಡುವುದಕ್ಕೆ ಭೌತಶಾಸ್ತ್ರ ಅಡ್ಡ ಬರುವುದಿಲ್ಲ.

ಬಣ್ಣದ ಮಾತು ಬಂತು, ಇಸಿಜಿಯ ವೈರುಗಳನ್ನು ಮರೆಯಲಾರೆ. ಐಇಸಿ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಬಲಗೈಗೆ ಬಿಳಿ, ಎಡಗೈಗೆ ಕಪ್ಪು, ಎಡಗಾಲಿಗೆ ಕೆಂಪು, ಬಲಗಾಲಿಗೆ ಹಸಿರು. ಒಂದೇ ವಾರ್ಡಿನಲ್ಲಿ ಎರಡೂ ಬಗೆಯ ಕೇಬಲ್ ಇದ್ದು, ಸಿಸ್ಟರ್ ರಾತ್ರಿಪಾಳಿಯಲ್ಲಿ ಬಾಯಿಪಾಠದ ಬಣ್ಣದಂತೆ ಹಚ್ಚಿದರೆ ತೆರೆಯ ಮೇಲಿನ ಅಲೆ ತಲೆಕೆಳಗಾಗುತ್ತದೆ. ಹೊಸ ಸಿಸ್ಟರುಗಳಿಗೆ ನಾನು ಹೇಳುವುದು ಒಂದೇ: ಬಣ್ಣ ನೋಡಬೇಡಮ್ಮ, ಕ್ಲಿಪ್ಪಿನ ಮೇಲಿನ ಅಕ್ಷರ ಓದು.

ಪ್ರೋಬ್‌ಗೂ ಒಂದು ಒಪ್ಪಂದ ಬೇಕು ಎಂದೆ. ಹಾಗೆಂದು ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನಾದರೂ ಸಿಕ್ಕಿಸುವುದನ್ನು ನಾನು ಒಪ್ಪುವವನಲ್ಲ. ಒಂಬತ್ತು ಪಿನ್ನಿನ ಪ್ಲಗ್ ಬೇರೆ ಬೇರೆ ಕಂಪನಿಗಳದ್ದಕ್ಕೂ ಇದೆ. ಒಳಗೆ ಹೋಗುತ್ತದೆ, ಒಳಗಿನ ಜೋಡಣೆ ಬೇರೆ. ಏನೂ ತೋರಿಸದಿದ್ದರೆ ಪುಣ್ಯ. ಅಂಕಿ ತೋರಿಸಿ ಅದು ತಪ್ಪಾಗಿದ್ದರೆ ಅಪಾಯ. ಎರಡು ಬೆಳಕೂ ಸಮನಾಗಿ ಏರಿಳಿದರೆ ಆಕ್ಸಿಮೀಟರ್ ಸುಮಾರು 85 ಎನ್ನುತ್ತದೆ, ರೋಗಿ ಹೇಗೇ ಇರಲಿ. ಕೃತಕ ಬೆರಳಿನ ಸಿಮ್ಯುಲೇಟರ್ ಹಾಕಿ ನೋಡಿದರೆ ಪ್ರೋಬ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುತ್ತದೆ, ಅಂಕಿ ನಿಖರವೇ ಎಂದು ತಿಳಿಯುವುದಿಲ್ಲ. ಆದ್ದರಿಂದ ಹೊಸ ಕಂಪನಿಯ ಪ್ರೋಬ್ ಬಂದಾಗ ಎಬಿಜಿ, ಅಂದರೆ ಅಪಧಮನಿಯ ರಕ್ತದ ಪರೀಕ್ಷೆಗೆ, ಕಳಿಸುವ ರೋಗಿಯ ಹತ್ತಿರ ನಿಂತು, ರಕ್ತ ತೆಗೆದ ಕ್ಷಣದ ತೆರೆಯ ಅಂಕಿ ಬರೆದಿಟ್ಟು ವರದಿಯ ಜೊತೆ ತಾಳೆ ನೋಡುತ್ತೇನೆ. ಕೋಷ್ಟಕ ಕಟ್ಟಿದ್ದು ಯಾವ ಮೈಬಣ್ಣದವರ ಬೆರಳಿನ ಮೇಲೆ ಎಂದೂ ಕಂಪನಿಯವರನ್ನು ಕೇಳುತ್ತೇನೆ. ಕಪ್ಪು ಚರ್ಮದ ರೋಗಿಗಳಲ್ಲಿ ಆಕ್ಸಿಮೀಟರ್ ಆಮ್ಲಜನಕದ ಕೊರತೆಯನ್ನು ಹೆಚ್ಚು ಸಲ ಮರೆಮಾಚುತ್ತದೆ ಎಂದು 2020ರಲ್ಲಿ ಅಮೆರಿಕದ ವೈದ್ಯರೇ ತೋರಿಸಿದ್ದಾರೆ; ನಮ್ಮ ಊರಿನ ಬೆರಳುಗಳಿಗೆ ಅದು ಸಣ್ಣ ಸಂಗತಿಯಲ್ಲ.

ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಮಾನಿಟರಿನ ಹಣೆಯ ಮೇಲಿನ ಹೆಸರು ಒಬ್ಬರದು, ಒಳಗಿನ ಆಕ್ಸಿಮೀಟರ್ ಬೋರ್ಡ್ ಇನ್ನೊಬ್ಬರದು ಆಗಿರುವುದು ಮಾಮೂಲು. ಒಂದೇ ಮಾಡೆಲ್ ಎರಡು ಮೂರು ಬಗೆಯ ಬೋರ್ಡಿನೊಂದಿಗೆ ಬರುತ್ತದೆ. ಸಾಕೆಟ್ ಪಕ್ಕ ಉಗುರಿನಷ್ಟು ಸ್ಟಿಕ್ಕರ್ ಇರುತ್ತದೆ, ಟಾರ್ಚ್ ಹಾಕಿ ಓದಿದರೆ ಯಾರ ತಂತ್ರಜ್ಞಾನವೆಂದು ಗೊತ್ತಾಗುತ್ತದೆ. ಅದನ್ನು ಓದದೆ ಬರೀ ಮಾಡೆಲ್ ನಂಬರ್ ಬರೆದು ಪ್ರೋಬ್ ತರಿಸಿ ಪೆಟ್ಟಿಗೆಗಟ್ಟಲೆ ವಾಪಸ್ ಕಳಿಸಿದ ಆಸ್ಪತ್ರೆಗಳನ್ನು ಕಂಡಿದ್ದೇನೆ.

ಟೆಂಡರ್ ಬರೆಯುವಾಗ ಎಲ್ಲರ ಕಣ್ಣೂ ಮಾನಿಟರಿನ ಬೆಲೆಯ ಮೇಲೆ. ನಾನು ಹೇಳುವುದು ಇಷ್ಟು: ಆಕ್ಸಿಮೀಟರ್ ತಂತ್ರಜ್ಞಾನದ ಹೆಸರು, ಮುಂದಿನ ಐದು ವರ್ಷಕ್ಕೆ ಪ್ರೋಬ್‌ನ ಬೆಲೆ, ಪರೀಕ್ಷಿಸಿ ಸರಿಹೊಂದಿದ ಬೇರೆ ಕಂಪನಿಗಳ ಸೆನ್ಸರ್‌ಗಳ ಲಿಖಿತ ಪಟ್ಟಿ, ಈ ಮೂರನ್ನೂ ಕೇಳಿ. ಮೈಸೂರು, ಬೆಂಗಳೂರಿನಲ್ಲೇ ಮಾನಿಟರ್ ತಯಾರಿಸುವ ಕಂಪನಿಗಳಿವೆ. ಕೊಳ್ಳುವವರೆಲ್ಲ ಕೇಳತೊಡಗಿದರೆ ಆ ಪಟ್ಟಿಯನ್ನು ಮೊದಲು ಕೊಡಬೇಕಾದವರು ಅವರೇ. ಈಚೆಗೆ ನಮ್ಮ ಟೆಂಡರ್‌ನಲ್ಲಿ ಇದನ್ನೆಲ್ಲ ಸೇರಿಸಿದಾಗ ಪರ್ಚೇಸ್ ವಿಭಾಗದವರು, “ಇದೆಲ್ಲ ಯಾರು ಕೊಡ್ತಾರೆ ಸರ್?” ಎಂದಿದ್ದರು. ಇಬ್ಬರು ಕೊಟ್ಟರು.