ನಂದಿ ಹಾಲ್ಟ್‌ನಲ್ಲಿ ಇಳಿದು ನೋಡಿ

ನಮ್ಮ ಸಾದಲಿಯಿಂದ ಬೆಂಗಳೂರಿಗೆ ಹೊರಟವರು ನಂಬುವುದು ಬಸ್ಸನ್ನೇ. ಶಿಡ್ಲಘಟ್ಟಕ್ಕೆ ಬಂದು, ವಿಜಯಪುರ, ದೇವನಹಳ್ಳಿ ದಾಟಿದರೆ ಆಯಿತು. ರೈಲಿನ ಮಾತೆತ್ತಿದರೆ “ಅದು ಯಾವಾಗ ಬರುತ್ತೋ, ಯಾವಾಗ ಹೋಗುತ್ತೋ” ಎನ್ನುತ್ತಾರೆ. ನಾನು ಮಾತ್ರ ರೈಲಿನ ಪಕ್ಷ. ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತನಾದವನಿಗೆ ಹೊತ್ತಿಗೇನು ಬರ? ಹೋದ ಬೇಸಿಗೆ ರಜೆಯಲ್ಲಿ ಆರನೇ ತರಗತಿಯ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಶಿಡ್ಲಘಟ್ಟದಲ್ಲಿ ರೈಲು ಹತ್ತಿದೆ. ದಾರಿಯಲ್ಲಿರುವ ಹಳೆಯ ನಿಲ್ದಾಣಗಳನ್ನು ಅವನಿಗೆ ತೋರಿಸಬೇಕಿತ್ತು.

“ಸ್ಟೇಷನ್ ನೋಡೋಕೆ ಅಂತ ಯಾರಾದ್ರೂ ಹೋಗ್ತಾರಾ ತಾತ?” ಎಂದು ಅವನಿಗೆ ನಗು.

ಶಿಡ್ಲಘಟ್ಟ ಅಂದರೆ ರೇಷ್ಮೆಗೂಡಿನ ಊರು. ಗೂಡು ಬೇಯಿಸುವ ವಾಸನೆ ಊರು ದಾಟುವವರೆಗೂ ಮೂಗಿನಲ್ಲಿ ಇರುತ್ತದೆ. ಹುಡುಗ ಮೂಗು ಮುಚ್ಚಿಕೊಂಡ. ನಮಗೆ ಅದು ಊಟದ ವಾಸನೆ ಇದ್ದ ಹಾಗೆ. ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ.

ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕಕ್ಕೆ ಹೋಗುವ ಈ ಮಾರ್ಗಕ್ಕೆ ನೂರು ವರ್ಷ ದಾಟಿದೆ. ಬೆಂಗಳೂರು ಕಡೆಯ ಭಾಗ 1915ರ ಆಸುಪಾಸಿನದು. ಆಗ ಮೈಸೂರಿಗೆ ದಿವಾನರಾಗಿದ್ದವರು ಇದೇ ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅಂದಿನ ಹಳಿಗಳ ನಡುವಿನ ಅಗಲ ಎರಡೂವರೆ ಅಡಿ. ಮೊಮ್ಮಗ ಕೈ ಚಾಚಿ ಅಳತೆ ಮಾಡಿ, “ಇಷ್ಟೇನಾ? ಆಟದ ರೈಲು!” ಎಂದ. ನಾನು ಹುಡುಗನಾಗಿದ್ದಾಗ ಆ ಆಟದ ರೈಲಿನಲ್ಲೇ ಓಡಾಡಿದ್ದು. ಈಗ ಹಳಿಯ ಅಗಲ ಐದೂವರೆ ಅಡಿ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗಕ್ಕೆ ದೊಡ್ಡ ಹಳಿ ಬಂದದ್ದು 2013ರಲ್ಲಿ.

ಹಳಿ ದೊಡ್ಡದಾಯಿತು, ಕಾಲ ಬದಲಾಯಿತು. ಚಿಕ್ಕಬಳ್ಳಾಪುರದಿಂದ ಯಲಹಂಕದವರೆಗಿನ ಎಷ್ಟೋ ಪುಟ್ಟ ನಿಲ್ದಾಣಗಳ ಹಳೆಯ ಕಟ್ಟಡಗಳಲ್ಲಿ ಕೆಲಸವೇ ಉಳಿಯಲಿಲ್ಲ. ಬಾಗಿಲಿಗೆ ಬೀಗ ಬಿತ್ತು. ಸರ್ಕಾರಿ ಕಟ್ಟಡಕ್ಕೆ ಬೀಗ ಬಿದ್ದರೆ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಮೊದಲು ಒಂದು ಹೆಂಚು ಒಡೆಯುತ್ತದೆ. ಒಳಗೆ ಜನ ಇದ್ದಿದ್ದರೆ ತಲೆಯ ಮೇಲೆ ಹನಿ ಬಿದ್ದ ದಿನವೇ ಏಣಿ ಹಾಕಿ ಬೇರೆ ಹೆಂಚು ಹೊದಿಸುತ್ತಿದ್ದರು. ಯಾರೂ ಇಲ್ಲದಿದ್ದರೆ ನೀರು ತೊಲೆಗೆ ಇಳಿಯುತ್ತದೆ. ನೆನೆದ ತೊಲೆಗೆ ಗೆದ್ದಲು. ತೊಲೆ ಬಾಗಿದರೆ ಇಡೀ ಸಾಲು ಹೆಂಚು ಕೆಳಗೆ. ಆಮೇಲೆ ಗೋಡೆಯ ಸಂದಿನಲ್ಲಿ ಅರಳಿ ಗಿಡ, ಅದರ ಹಿಂದೆಯೇ ಇಸ್ಪೀಟಿನ ಗುಂಪು, ಬಾಟಲಿ. ಕೊನೆಗೆ ಯಾರೋ ಬಂದು ನೋಡಿ “ಇದು ಅಪಾಯಕಾರಿ, ಕೆಡವಿ” ಎಂದು ಬರೆಯುತ್ತಾರೆ. ಎಲ್ಲಕ್ಕೂ ಮೂಲ ಆ ಒಂದು ಹೆಂಚು!

ಈ ನಿಲ್ದಾಣಗಳ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈಋತ್ಯ ರೈಲ್ವೆಯ ಜೊತೆ ಸೇರಿ ನಂದಿ ಹಾಲ್ಟ್, ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿತು.

ಚಿಕ್ಕಬಳ್ಳಾಪುರ ಬಿಟ್ಟ ಮೇಲೆ ಮೊದಲು ಸಿಗುವುದೇ ನಂದಿ ಹಾಲ್ಟ್. ನಾವು ಇಳಿದೆವು. ನಮ್ಮ ಜೊತೆ ಇಳಿದವರು ಇನ್ನು ಮೂವರು. ರೈಲು ಹೋದ ಮೇಲೆ ಹಕ್ಕಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಇಳಿಜಾರು ಮಾಡು, ಹಿಂದೆ ಬೆಟ್ಟ. ಅರಮನೆಯಂತೂ ಅಲ್ಲ, ನಮ್ಮ ಕಡೆಯ ಅನುಕೂಲಸ್ಥರ ಮನೆಯಷ್ಟು ದೊಡ್ಡದು, ಅಷ್ಟೆ. ಆದರೆ ಗೋಡೆಗೆ ಕೈ ಇಟ್ಟು ನೋಡಿ. ಹೊರಗೆ ಉರಿಬಿಸಿಲು, ನೆರಳಿನಲ್ಲಿರುವ ಕಲ್ಲು ತಣ್ಣಗೆ. ಮೊಮ್ಮಗ ಕೆನ್ನೆಯನ್ನೇ ಒತ್ತಿಕೊಂಡು ನಿಂತ.

ಹಳೆಯ ಕಟ್ಟಡ ರಿಪೇರಿ ಅಂದರೆ ಎರಡು ಮೂಟೆ ಸಿಮೆಂಟು ತಂದು ಬಳಿಯುವುದು ಎಂದು ನಮ್ಮಲ್ಲಿ ತಿಳಿದವರೇ ಹೆಚ್ಚು. ಗಾರೆಯ ಗೋಡೆಗೆ ಅದು ಶತ್ರು. ಸುಣ್ಣದ ಗಾರೆ ಮಳೆಗಾಲದಲ್ಲಿ ತೇವ ಹೀರಿ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಹಾಗಾಗಿ ಸುಣ್ಣದ ಕೆಲಸ ಬಲ್ಲವರು ಬೇಕು, ಹೊಂದುವ ಹೆಂಚು ಬೇಕು, ಮರಗೆಲಸದವರು ಬೇಕು. ಅಂಥ ಕೈಗಳೂ ಈಗ ಕಡಿಮೆ.

ಜಗುಲಿಯ ಅಂಚಿನಲ್ಲಿ ಕೂತು ಮನೆಯಿಂದ ತಂದ ಚಿತ್ರಾನ್ನ ಬಿಚ್ಚಿದೆವು. “ರಿಪೇರಿ ಮಾಡಿದ್ದಾಯ್ತಲ್ಲ ತಾತ, ಇನ್ನೇನು ಚಿಂತೆ?” ಎಂದ ಹುಡುಗ.

ನನ್ನ ಚಿಂತೆ ಶುರುವಾಗುವುದೇ ಅಲ್ಲಿಂದ. ಬಿ.ಕಾಂ. ಓದುವಾಗ ನಮಗೆ ಎರಡು ಬಗೆಯ ಖರ್ಚು ಹೇಳಿಕೊಟ್ಟಿದ್ದರು: ಒಂದು ಸಲ ಮಾಡುವ ಬಂಡವಾಳದ ಖರ್ಚು, ಪ್ರತಿವರ್ಷದ ನಿರ್ವಹಣೆಯ ಖರ್ಚು. ಮೊದಲನೆಯದಕ್ಕೆ ದಾನಿಗಳು ಸಿಗುತ್ತಾರೆ, ಉದ್ಘಾಟನೆಗೆ ಫೋಟೋ ತೆಗೆಯುತ್ತಾರೆ. ಎರಡನೆಯದು ಯಾರಿಗೂ ಬೇಡ. ಕಸ ಗುಡಿಸುವವರ ಸಂಬಳ, ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿ ಹಾಕುವ ಕೂಲಿ, ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಒಬ್ಬ ಮನುಷ್ಯ. ಇಷ್ಟನ್ನು ಯಾರ ಲೆಕ್ಕಕ್ಕೆ ಬರೆಯುವುದು? ಬ್ಯಾಂಕಿನಲ್ಲಿ ವ್ಯವಹಾರ ನಡೆಯದ ಖಾತೆ ಮೆಲ್ಲಗೆ ನಿಷ್ಕ್ರಿಯ ಖಾತೆಗಳ ಪಟ್ಟಿ ಸೇರುತ್ತದೆ. ಹಣವೇನೋ ಇರುತ್ತದೆ, ಕೇಳುವವರು ಇರುವುದಿಲ್ಲ. ಈ ಕಟ್ಟಡಗಳಿಗೂ ದಿನಾ ಒಂದಿಷ್ಟು ವ್ಯವಹಾರ ಬೇಕು. ಓದುವ ಕೋಣೆ ಇರಲಿ, ರೇಷ್ಮೆ, ದ್ರಾಕ್ಷಿ ಮಾರುವ ಹೆಂಗಸರ ಸಂಘದ ಅಂಗಡಿ ಇರಲಿ, ಶನಿವಾರ ಶಾಲೆ ಮಕ್ಕಳ ಚಿತ್ರಕಲೆಯೇ ಇರಲಿ.

ಹುಡುಗನಿಗೆ ಅಠಾರಾ ಕಚೇರಿಯ ಉದಾಹರಣೆ ಕೊಟ್ಟೆ. ಬೆಂಗಳೂರಿನಲ್ಲಿ ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡ ಮುಗಿದದ್ದು 1868ರಲ್ಲಿ. ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಆ ಹೆಸರು. ವಿಧಾನಸೌಧ ಎದ್ದ ಮೇಲೆ ಇಲಾಖೆಗಳು ಅಲ್ಲಿಗೆ ಹೋದವು, ಕಟ್ಟಡ ಹೈಕೋರ್ಟಿನದಾಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ಕೋರ್ಟಿಗೆ ಹೋದರು. ಯಾವ ಕೋರ್ಟು? ಅದೇ ಕಟ್ಟಡದೊಳಗಿನ ಕೋರ್ಟು! ತನ್ನ ಅಳಿವು ಉಳಿವಿನ ಮೊಕದ್ದಮೆ ತನ್ನ ಸೂರಿನಡಿಯೇ ನಡೆದು ಕಟ್ಟಡ ಉಳಿದುಕೊಂಡಿತು. ಅದಕ್ಕೆ ಕೇಳುವವರಿದ್ದರು. ದಿನಾ ವಕೀಲರು, ಕಕ್ಷಿದಾರರು ಮೆಟ್ಟಿಲು ತುಳಿಯುತ್ತಿದ್ದರು. ನಂದಿ ಹಾಲ್ಟ್‌ಗೆ ಇರುವುದು ನನ್ನ ನಿಮ್ಮಂಥ ಪ್ರಯಾಣಿಕರು ಮಾತ್ರ.

“ಹಾಗಾದ್ರೆ ನಾವು ಇಲ್ಲಿ ಕೂತು ಚಿತ್ರಾನ್ನ ತಿಂದಿದ್ದೂ ವ್ಯವಹಾರಾನಾ?” ಎಂದ. ಹೌದಪ್ಪ ಎಂದೆ. ಹಾಗಂತ ಎಲೆ, ಪೊಟ್ಟಣ ಬಿಟ್ಟು ಬರಲಿಲ್ಲ. ಅವನೇ ಚೀಲಕ್ಕೆ ತುಂಬಿಕೊಂಡ.

ನೀವೂ ಮನೆಮಂದಿಯೊಂದಿಗೆ ಹೋಗುವುದಾದರೆ ರೈಲಿನ ವೇಳೆ ಮೊದಲೇ ವಿಚಾರಿಸಿಕೊಳ್ಳಿ, ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕಾದೀತು. ಊಟ, ನೀರು ಜೊತೆಗಿರಲಿ. ನಿಲ್ದಾಣದಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ನಡೆದೇ ಹೋಗಬಹುದು. ಅಲ್ಲಿನ ಕಲ್ಯಾಣಿ ನೋಡದೆ ಬರಬೇಡಿ. ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಬೆಂಗಳೂರು ದಿಕ್ಕಿನಲ್ಲಿ ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲ ಒಂದೊಂದಾಗಿ ಸಿಗುತ್ತವೆ. ಈ ಮಧ್ಯೆ 2021ರಲ್ಲಿ ಶುರುವಾದ ವಿಮಾನ ನಿಲ್ದಾಣದ ಹಾಲ್ಟ್ ಕೂಡ ಇದೆ. ನೂರು ವರ್ಷದ ಹೆಂಚಿನ ಮಾಡು ಕಂಡ ಕೆಲವೇ ನಿಮಿಷದಲ್ಲಿ ವಿಮಾನ ನೆತ್ತಿಯ ಮೇಲೆ ಹಾರುತ್ತದೆ. ನಮ್ಮ ಹುಡುಗ ಎರಡನ್ನೂ ಬಾಯಿ ಬಿಟ್ಟುಕೊಂಡೇ ನೋಡಿದ.